ಟ್ರೆಲೊ ಕಾರ್ಡ್, ಕ್ಲಾಕಿಫೈ ಟೈಮರ್: ಎರಡನ್ನೂ ಎನ್8ಎನ್ ಮೂಲಕ ಜೋಡಿಸುವುದು ಹೇಗೆ?

ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬುವ ಸಂಕಟ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ದುಡಿದವರಿಗೆಲ್ಲ ಗೊತ್ತು. ಸೋಮವಾರ ಬೆಳಿಗ್ಗೆ ಏನು ಮಾಡಿದೆವು ಅಂತ ನೆನಪಿರುವುದಿಲ್ಲ. ಕ್ಯಾಲೆಂಡರ್ ನೋಡಿ, ಮೇಲ್ ನೋಡಿ, ಕೊನೆಗೆ ದಿನಕ್ಕೆ ಎಂಟು ಗಂಟೆ ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ದೊಡ್ಡ ಕಂಪನಿಯಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ನಾಲ್ಕೈದು ಜನರ ತಂಡದಲ್ಲಿ ಮಾತ್ರ ಅಂದಾಜಿನಲ್ಲಿ ಬರೆದ ಪ್ರತಿ ಗಂಟೆಯೂ ದುಡ್ಡಿನ ಲೆಕ್ಕವೇ.

ಇಂಥ ಸಣ್ಣ ತಂಡಗಳಲ್ಲಿ ಸಾಮಾನ್ಯವಾಗಿ ಎರಡು ಸಾಫ್ಟ್‌ವೇರ್ ಇರುತ್ತವೆ. ಯಾವ ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಒಂದು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯಲು ಇನ್ನೊಂದು. ಇವೆರಡೂ ಒಂದಕ್ಕೊಂದು ಮಾತಾಡುವುದಿಲ್ಲ. ಹಾಗಾಗಿ ಒಂದೇ ಕೆಲಸದ ಹೆಸರನ್ನು ಎರಡು ಕಡೆ ಟೈಪ್ ಮಾಡಬೇಕು. ತಿಂಗಳ ಕೊನೆಗೆ ಯಾರಾದರೂ ಕೂತು ಎರಡನ್ನೂ ಎಕ್ಸೆಲ್‌ನಲ್ಲಿ ಹೊಂದಿಸಬೇಕು. ಈ ಹೊಂದಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಹೇಗೆ ಅನ್ನುವುದೇ ಈ ಲೇಖನದ ವಿಷಯ.

ಉದಾಹರಣೆಗೆ ಮೈಸೂರಿನಲ್ಲಿ ಐದು ಜನರ ಒಂದು ವೆಬ್ ಡಿಸೈನ್ ತಂಡ ಇದೆ ಎಂದುಕೊಳ್ಳಿ. ಕೆಲಸದ ಬೋರ್ಡ್‌ಗೆ ಟ್ರೆಲೊ (ಅದರಲ್ಲಿ ಒಂದೊಂದು ಕೆಲಸಕ್ಕೂ ಒಂದು ಕಾರ್ಡ್), ಸಮಯಕ್ಕೆ ಕ್ಲಾಕಿಫೈ, ನಡುವಿನ ಸೇತುವೆಗೆ ಎನ್8ಎನ್. ನಿಮ್ಮಲ್ಲಿ ಬೇರೆ ಹೆಸರುಗಳಿದ್ದರೂ ಕ್ರಮ ಇದೇ. ಕೊನೆಯ ಭಾಗದಲ್ಲಿ ಅವುಗಳ ಬಗ್ಗೆಯೂ ಬರೆದಿದ್ದೇನೆ.

ಸೇತುವೆಗೆ ಯಾವುದು?

ಜಾಪಿಯರ್, ಮೇಕ್, ಎನ್8ಎನ್ ಈ ಮೂರೂ ಮಾಡುವುದು ಒಂದೇ ಕೆಲಸ. ಒಂದು ಕಡೆ ಏನಾದರೂ ಆದಾಗ ಇನ್ನೊಂದು ಕಡೆ ಏನಾದರೂ ಮಾಡುವುದು. ದುಡ್ಡಿನ ಲೆಕ್ಕ ಮಾತ್ರ ಬೇರೆ ಬೇರೆ. ಜಾಪಿಯರ್ ಪ್ರತಿ ಕ್ರಿಯೆಯನ್ನೂ ಒಂದು ಟಾಸ್ಕ್ ಅಂತ ಎಣಿಸುತ್ತದೆ. (ಕ್ಲಾಕಿಫೈನಲ್ಲಿರುವ ಟಾಸ್ಕ್ ಬೇರೆ, ಗೊಂದಲ ಬೇಡ.) ಮೇಕ್ ಕೂಡ ವರ್ಕ್‌ಫ್ಲೋದ (ಒಂದರ ಹಿಂದೆ ಒಂದು ತಾನಾಗಿ ನಡೆಯುವ ಹಂತಗಳ ಸರಣಿ) ಒಳಗಿನ ಪ್ರತಿ ಹಂತವನ್ನು ಎಣಿಸುತ್ತದೆ. ಎನ್8ಎನ್ ಇಡೀ ವರ್ಕ್‌ಫ್ಲೋ ಒಮ್ಮೆ ಓಡಿದರೆ ಒಂದು ಅಂತ ಎಣಿಸುತ್ತದೆ. ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡರೆ ಆ ಎಣಿಕೆಯೂ ಇಲ್ಲ.

ಇದು ಎಷ್ಟು ಮುಖ್ಯ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಐದು ಜನ, ಒಬ್ಬೊಬ್ಬರು ದಿನಕ್ಕೆ ಎಂಟು ಸಲ ಟೈಮರ್ ನಿಲ್ಲಿಸುತ್ತಾರೆ. ಅಲ್ಲಿಗೆ 40 ಆಯಿತು. ಪ್ರತಿ ಸಲವೂ ಕಾರ್ಡ್ ಹುಡುಕು, ಮೊತ್ತ ತೆಗೆ, ಬರೆ ಅಂತ ಮೂರು ಕ್ರಿಯೆ. ದಿನಕ್ಕೆ 120. ಜಾಪಿಯರ್‌ನ ಉಚಿತ ಪ್ಲಾನ್‌ನಲ್ಲಿ ಇಡೀ ತಿಂಗಳಿಗೆ ಸಿಗುವುದೇ 100, ಅದೂ ಎರಡು ಹಂತದ ಜೋಡಣೆ ಮಾತ್ರ. ಮೊದಲ ದಿನದ ಸಂಜೆಗೇ ಖಾಲಿ.

ಇನ್ನೊಂದು ವಿಷಯ ನಮ್ಮ ದೇಶದ್ದೇ. ಭಾರತದ ಬ್ಯಾಂಕ್ ಕಾರ್ಡ್‌ಗಳಲ್ಲಿ ತಿಂಗಳ ಆಟೊ ಪಾವತಿಗೆ ರಿಸರ್ವ್ ಬ್ಯಾಂಕ್‌ನ ಇ-ಮ್ಯಾಂಡೇಟ್ (ಗ್ರಾಹಕರ ಮುಂಗಡ ಒಪ್ಪಿಗೆ) ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ವಿದೇಶಿ ಸಾಫ್ಟ್‌ವೇರ್‌ಗಳ ಸಬ್‌ಸ್ಕ್ರಿಪ್ಷನ್ ಕಟ್ಟುವಾಗ ಕಾರ್ಡ್ ತಿರಸ್ಕಾರವಾಗುವುದು ಅಪರೂಪವೇನಲ್ಲ. ಪಾವತಿ ನಿಂತರೆ ಆಟೊಮೇಷನ್ ಕೂಡ ನಿಲ್ಲುತ್ತದೆ. ಎಚ್ಚರಿಕೆಯ ಮೇಲ್ ಬಂದಿದ್ದರೂ ಅದು ಯಾರೂ ತೆರೆಯದ ಇನ್‌ಬಾಕ್ಸ್‌ನಲ್ಲಿ ಬಿದ್ದಿರುತ್ತದೆ. ಹಾಗಾಗಿ ಸರ್ವರ್ ನೋಡಿಕೊಳ್ಳಬಲ್ಲ ಒಬ್ಬರು ತಂಡದಲ್ಲಿದ್ದರೆ ಎನ್8ಎನ್ ಒಳ್ಳೆಯದು. ಅಂಥವರು ಇಲ್ಲದಿದ್ದರೆ ಮೇಕ್ ತೆಗೆದುಕೊಂಡು ನಿಶ್ಚಿಂತೆಯಿಂದಿರಿ. ಸರ್ವರ್ ಗೊತ್ತಿಲ್ಲದವರು ಸುಮ್ನೆ ಉಚಿತ ಅನ್ನುವ ಕಾರಣಕ್ಕೆ ಎನ್8ಎನ್ ಹಿಡಿಯುವುದು ಬೇಡ.

ಯಾವುದಕ್ಕೆ ಯಾರು ಯಜಮಾನ?

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಇಂಥ ಜೋಡಣೆಗಳು ಕೆಡುವುದು ತಾಂತ್ರಿಕ ಕಾರಣಕ್ಕಿಂತ ಜಾಸ್ತಿ ಇಲ್ಲೇ. ಎಲ್ಲರೂ "ಎರಡೂ ಕಡೆ ಸಿಂಕ್ ಆಗಬೇಕು" ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಟ್ರೆಲೊದಲ್ಲಿ ಒಬ್ಬರು ಹೆಸರು ಬದಲಿಸಿದರು, ಅದೇ ಹೊತ್ತಿಗೆ ಕ್ಲಾಕಿಫೈನಲ್ಲಿ ಇನ್ನೊಬ್ಬರು ಬದಲಿಸಿದರು. ಈಗ ಯಾವುದು ಸರಿ? ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಆದ್ದರಿಂದ ಪ್ರತಿ ಮಾಹಿತಿಗೂ ಒಬ್ಬನೇ ಯಜಮಾನ ಇರಲಿ. ನಮ್ಮ ಉದಾಹರಣೆಯಲ್ಲಿ ಕೆಲಸದ ಹೆಸರು, ಅದು ಶುರುವಾಯಿತೇ, ಮುಗಿಯಿತೇ ಅನ್ನುವುದಕ್ಕೆಲ್ಲ ಟ್ರೆಲೊ ಯಜಮಾನ. ಎಷ್ಟು ಗಂಟೆ, ಯಾರು, ಬಿಲ್ ಮಾಡಬೇಕೇ ಬೇಡವೇ ಅನ್ನುವುದಕ್ಕೆ ಕ್ಲಾಕಿಫೈ. ಹೆಸರು ಟ್ರೆಲೊದಿಂದ ಕ್ಲಾಕಿಫೈಗೆ ಮಾತ್ರ ಹೋಗುತ್ತದೆ. ಗಂಟೆ ಕ್ಲಾಕಿಫೈನಿಂದ ಟ್ರೆಲೊಗೆ ಮಾತ್ರ ಬರುತ್ತದೆ. ಎದುರು ದಿಕ್ಕಿನಲ್ಲಿ ಏನೂ ಹರಿಯುವುದಿಲ್ಲ. ಯಾರಾದರೂ ಟ್ರೆಲೊ ಕಾರ್ಡ್‌ನಲ್ಲಿ ಗಂಟೆಯನ್ನು ಕೈಯಿಂದ ತಿದ್ದಿದರೆ ಮರುದಿನ ಬೆಳಿಗ್ಗೆ ಅದು ಅಳಿಸಿಹೋಗಿರುತ್ತದೆ. ಇದನ್ನು ತಂಡಕ್ಕೆ ಮೊದಲೇ ಹೇಳಿಬಿಡಿ.

ಎರಡರ ರಚನೆಯೂ ಹೊಂದಬೇಕು. ಕ್ಲಾಕಿಫೈನಲ್ಲಿ ಪ್ರಾಜೆಕ್ಟ್ ಇರುತ್ತದೆ, ಅದರೊಳಗೆ ಟಾಸ್ಕ್. ಟ್ರೆಲೊದಲ್ಲಿ ಬೋರ್ಡ್, ಅದರೊಳಗೆ ಲಿಸ್ಟ್, ಲಿಸ್ಟ್ ಒಳಗೆ ಕಾರ್ಡ್. ಒಂದು ಬೋರ್ಡ್‌ಗೆ ಒಂದು ಪ್ರಾಜೆಕ್ಟ್, ಒಂದು ಕಾರ್ಡ್‌ಗೆ ಒಂದು ಟಾಸ್ಕ್ ಅಂತ ಇಟ್ಟುಕೊಳ್ಳಿ. ಚೆಕ್‌ಲಿಸ್ಟ್‌ನ ಸಾಲುಗಳನ್ನೂ ಟಾಸ್ಕ್ ಮಾಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಷ್ಟು ಸಣ್ಣದಾಗಿ ಸಮಯ ಬರೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಹೆಸರು ನಂಬಬೇಡಿ

ಈ ಕಾರ್ಡ್, ಆ ಟಾಸ್ಕ್ ಎರಡೂ ಒಂದೇ ಅಂತ ಯಂತ್ರ ಗುರುತಿಸುವುದು ಹೇಗೆ? ಮೊದಲು ಹೊಳೆಯುವ ಉತ್ತರ ಹೆಸರು ಹೋಲಿಸುವುದು. ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಯಾರೋ "ಹೋಮ್ ಪೇಜ್" ಅನ್ನುವುದನ್ನು "ಹೋಮ್ ಪೇಜ್ ಹೊಸದು" ಮಾಡುತ್ತಾರೆ, ಅಲ್ಲಿಗೆ ಕೊಂಡಿ ಕಳಚಿತು.

ಕನ್ನಡದಲ್ಲಿ ಕಾರ್ಡ್ ಬರೆಯುವ ತಂಡಗಳಿಗೆ ಇನ್ನೂ ಒಂದು ತೊಡಕಿದೆ. "ವೆಬ್‌ಸೈಟ್" ಅನ್ನುವಂಥ ಪದದಲ್ಲಿ ಬ್ ಮತ್ತು ಸೈ ಒತ್ತಕ್ಷರವಾಗಿ ಸೇರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಕೆಲವು ಕೀಬೋರ್ಡ್‌ಗಳು ಪದದ ಕೊನೆಯಲ್ಲೂ ಅದನ್ನು ಬಿಟ್ಟಿರುತ್ತವೆ. ಅಲ್ಲಿ ಅದು ಇದ್ದರೂ ಇಲ್ಲದಿದ್ದರೂ ತೆರೆಯ ಮೇಲೆ ಒಂದೇ ಥರ ಕಾಣುತ್ತದೆ. ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಪದಗಳು. ಎಷ್ಟು ಹುಡುಕಿದರೂ ತಪ್ಪು ಕಾಣುವುದಿಲ್ಲ.

ಟ್ರೆಲೊ ಪ್ರತಿ ಕಾರ್ಡ್‌ಗೂ ಎಂಟು ಅಕ್ಷರದ ಶಾರ್ಟ್‌ಲಿಂಕ್ ಕೊಡುತ್ತದೆ. ಕಾರ್ಡ್ ತೆರೆದಾಗ ಬ್ರೌಸರ್‌ನ ವಿಳಾಸದಲ್ಲಿ ಅದು ಕಾಣುತ್ತದೆ. ಹೆಸರು ಬದಲಾದರೂ, ಕಾರ್ಡ್ ಬೇರೆ ಬೋರ್ಡ್‌ಗೆ ಹೋದರೂ ಇದು ಬದಲಾಗುವುದಿಲ್ಲ. ಕಾರ್ಡ್‌ನ ನಂಬರ್ ಹಾಗಲ್ಲ, ಅದು ಆ ಬೋರ್ಡ್‌ಗೆ ಸೀಮಿತ. ಹಾಗಾಗಿ ಶಾರ್ಟ್‌ಲಿಂಕ್ ಅನ್ನೇ ಕೊಂಡಿ ಮಾಡಿಕೊಳ್ಳಿ. ಕ್ಲಾಕಿಫೈನಲ್ಲಿ ಟಾಸ್ಕ್ ಹೆಸರನ್ನು ಕಾರ್ಡ್ ಹೆಸರು, ಅದರ ಕೊನೆಗೆ ಚೌಕ ಕಂಸದಲ್ಲಿ ಶಾರ್ಟ್‌ಲಿಂಕ್ ಅಂತ ಇಡಿ. ನೋಡಲು ಅಷ್ಟೇನೂ ಅಂದವಿಲ್ಲ, ಆದರೆ ಹೆಚ್ಚುವರಿ ಫೀಲ್ಡ್‌ಗೆ ದುಡ್ಡು ಕೊಡದೆ ಕೆಲಸ ಆಗುತ್ತದೆ. ಇದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಲೆಕ್ಕಕ್ಕೆ ಬರುತ್ತವೆ. ಎಲ್ಲವನ್ನೂ ಸಣ್ಣಕ್ಷರ ಮಾಡುವ ಹಂತ ವರ್ಕ್‌ಫ್ಲೋದಲ್ಲಿ ಎಲ್ಲೂ ಇರಬಾರದು.

ಖಾತೆ, ಕೀಲಿ, ಸರ್ವರ್

ಎನ್8ಎನ್‌ಗೆ ಎರಡೂ ಕಡೆ ಪ್ರವೇಶ ಬೇಕು. ಕ್ಲಾಕಿಫೈನಲ್ಲಿ ನಿಮ್ಮ ಪ್ರೊಫೈಲ್ ಸೆಟ್ಟಿಂಗ್ಸ್‌ನಿಂದ ಎಪಿಐ ಕೀ (ಬೇರೆ ಸಾಫ್ಟ್‌ವೇರ್ ಒಳಗೆ ಬರಲು ಬೇಕಾದ ಗುಪ್ತ ಕೀಲಿ) ಸಿಗುತ್ತದೆ. ಟ್ರೆಲೊದಲ್ಲಿ ಪವರ್-ಅಪ್ ಆಡಳಿತದ ಪುಟದಿಂದ ಕೀ ಮತ್ತು ಟೋಕನ್ ಎರಡನ್ನೂ ಪಡೆಯಬೇಕು.

ಇವನ್ನು ಯಾರ ಹೆಸರಿನಲ್ಲಿ ಪಡೆಯುತ್ತೀರಿ ಅನ್ನುವುದು ಮುಖ್ಯ. ತಂಡದ ಒಬ್ಬ ಹುಡುಗನ ಖಾತೆಯಿಂದ ಟೋಕನ್ ತೆಗೆದರೆ, ಅವನು ಕೆಲಸ ಬಿಟ್ಟ ದಿನ ಜೋಡಣೆಯೂ ನಿಲ್ಲುತ್ತದೆ. ತಂಡದ ಮೇಲ್ ವಿಳಾಸದಲ್ಲಿ ಒಂದು ಪ್ರತ್ಯೇಕ ಖಾತೆ ತೆರೆಯಿರಿ. ಅದಕ್ಕೆ "ಲೆಕ್ಕದ ಬಾಟ್" ಅಂತಲೋ ಮತ್ತೇನೋ ಹೆಸರಿಡಿ. ಕ್ಲಾಕಿಫೈನಲ್ಲಿ ಅದಕ್ಕೆ ಟಾಸ್ಕ್ ಸೇರಿಸುವ, ಬದಲಿಸುವ ಅನುಮತಿ ಇರಬೇಕು. ಟ್ರೆಲೊದಲ್ಲಿ ಬೇಕಾದ ಬೋರ್ಡ್‌ಗಳಿಗೆ ಮಾತ್ರ ಸದಸ್ಯ ಮಾಡಿ. ಇದರ ಇನ್ನೊಂದು ಲಾಭ ಮುಂದೆ ಗೊತ್ತಾಗುತ್ತದೆ.

ಎನ್8ಎನ್ ಅನ್ನು ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆ) ಹಾಕುವುದು ಸುಲಭ. ಅದು ಸಾಮಾನ್ಯವಾಗಿ 5678 ಪೋರ್ಟ್‌ನಲ್ಲಿ ಓಡುತ್ತದೆ. ಶುರುವಿನಲ್ಲೇ ನೋಡಿಕೊಳ್ಳಬೇಕಾದ ಮೂರು ವಿಷಯಗಳಿವೆ.

ಮೊದಲನೆಯದು ದತ್ತಾಂಶದ ಫೋಲ್ಡರ್. ಅದನ್ನು ಡಾಕರ್ ವಾಲ್ಯೂಮ್ ಆಗಿ ಹೊರಗೆ ಇಡಬೇಕು. ಇಲ್ಲದಿದ್ದರೆ ಅಪ್‌ಡೇಟ್ ಮಾಡಿದ ದಿನ ಎಲ್ಲ ವರ್ಕ್‌ಫ್ಲೋಗಳೂ ಮಾಯ. ಆ ಫೋಲ್ಡರ್‌ನಲ್ಲೇ ಎನ್‌ಕ್ರಿಪ್ಷನ್ ಕೀ ಕೂಡ ಇರುತ್ತದೆ. ಅದರ ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಅದು ಕಳೆದುಹೋದರೆ ಬ್ಯಾಕಪ್ ಇದ್ದರೂ ಉಳಿಸಿಟ್ಟ ಪಾಸ್‌ವರ್ಡ್, ಟೋಕನ್‌ಗಳನ್ನು ತೆರೆಯಲಾಗದು.

ಎರಡನೆಯದು ಟೈಮ್‌ಜೋನ್. ನೀವೇನೂ ಹೇಳದಿದ್ದರೆ ನಿಮ್ಮ ಸರ್ವರ್‌ನಲ್ಲಿ ಓಡುವ ಎನ್8ಎನ್ ನ್ಯೂಯಾರ್ಕ್ ಸಮಯ ಹಿಡಿಯುತ್ತದೆ. ರಾತ್ರಿ 2 ಗಂಟೆಗೆ ಓಡಲಿ ಅಂತ ಇಟ್ಟದ್ದು ನಮ್ಮಲ್ಲಿ ಹಗಲು ಹನ್ನೊಂದೂವರೆಗೆ ಓಡುತ್ತದೆ, ಅಮೆರಿಕದ ಚಳಿಗಾಲದಲ್ಲಿ ಹನ್ನೆರಡೂವರೆಗೆ. ಏಷ್ಯಾ/ಕೋಲ್ಕತಾ ಅಂತ ಬದಲಿಸಿ.

ಮೂರನೆಯದು ಹೊರಗಿನಿಂದ ತಲುಪುವ ವಿಳಾಸ. ಟ್ರೆಲೊದಲ್ಲಿ ಏನಾದರೂ ಆದ ಕೂಡಲೇ ಟ್ರೆಲೊ ನಿಮ್ಮ ಸರ್ವರ್‌ಗೆ ಸುದ್ದಿ ಕಳಿಸಬೇಕು. ಇದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ನ ಲೋಕಲ್‌ಹೋಸ್ಟ್ ವಿಳಾಸಕ್ಕೆ ಟ್ರೆಲೊ ಬರಲಾರದು. ಸಣ್ಣ ಬಾಡಿಗೆ ಸರ್ವರ್ ಒಂದು ಇದ್ದರೆ ಒಳ್ಳೆಯದು. ಆಫೀಸಿನ ಹಳೇ ಕಂಪ್ಯೂಟರ್‌ನಲ್ಲೇ ಓಡಿಸುತ್ತೇವೆ ಅನ್ನುವವರು ಮಳೆಗಾಲದಲ್ಲಿ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ಒಮ್ಮೆ ಯೋಚಿಸಿ.

ಮೊದಲ ವರ್ಕ್‌ಫ್ಲೋ: ಕಾರ್ಡ್ ಬಂದರೆ ಟಾಸ್ಕ್

ಕಾರ್ಡ್ ಹುಟ್ಟಿದ ಕೂಡಲೇ ಟಾಸ್ಕ್ ಮಾಡಬೇಕು ಅಂತ ಅನ್ನಿಸುತ್ತದೆ. ಬೇಡ. ಎರಡು ಕಾರಣಗಳಿವೆ. ಒಂದು, ಅರ್ಧ ಕಾರ್ಡ್‌ಗಳು ಬರೀ ಯೋಚನೆಗಳು, ಅವುಗಳ ಮೇಲೆ ಯಾರೂ ಕೆಲಸ ಮಾಡುವುದೇ ಇಲ್ಲ. ಕ್ಲಾಕಿಫೈ ಪಟ್ಟಿ ಕಸದಿಂದ ತುಂಬುತ್ತದೆ. ಎರಡು, ಟ್ರೆಲೊದಲ್ಲಿ ಕಾರ್ಡ್ ಹುಟ್ಟುವುದು ಒಂದೇ ದಾರಿಯಲ್ಲಲ್ಲ. ಹೊಸದಾಗಿ ಬರೆದರೆ ಒಂದು ಥರದ ಸುದ್ದಿ ಬರುತ್ತದೆ, ಇರುವ ಕಾರ್ಡ್ ನಕಲು ಮಾಡಿದರೆ ಇನ್ನೊಂದು. ಚೆಕ್‌ಲಿಸ್ಟ್ ಸಾಲನ್ನು ಕಾರ್ಡ್ ಮಾಡಿದರೆ ಮತ್ತೊಂದು, ಬೇರೆ ಬೋರ್ಡ್‌ನಿಂದ ತಂದರೆ ಮಗದೊಂದು. ಹೊಸ ಕಾರ್ಡ್‌ನ ಸುದ್ದಿಗೆ ಮಾತ್ರ ಕಿವಿಗೊಟ್ಟರೆ ಉಳಿದವು ತಪ್ಪಿಹೋಗುತ್ತವೆ.

ಬದಲಿಗೆ ಕಾರ್ಡ್ "ಈಗ ಮಾಡುತ್ತಿರುವುದು" ಲಿಸ್ಟ್‌ಗೆ ಬಂದಾಗ ಟಾಸ್ಕ್ ಹುಟ್ಟಲಿ. ಕೆಲಸ ಶುರುವಾಗುವುದೂ ಆಗಲೇ, ಟೈಮರ್ ಬೇಕಾಗುವುದೂ ಆಗಲೇ.

ಎನ್8ಎನ್‌ನಲ್ಲಿ ಹೊಸ ವರ್ಕ್‌ಫ್ಲೋ ತೆರೆದು ಟ್ರೆಲೊ ಟ್ರಿಗರ್ (ವರ್ಕ್‌ಫ್ಲೋವನ್ನು ಎಬ್ಬಿಸುವ ಮೊದಲ ಹಂತ) ಹಾಕಿ. ಅದು ಬೋರ್ಡ್‌ನ ಐಡಿ ಕೇಳುತ್ತದೆ. ಬ್ರೌಸರ್‌ನಲ್ಲಿ ಬೋರ್ಡ್ ತೆರೆದು ವಿಳಾಸದ ಕೊನೆಗೆ ಡಾಟ್ ಜೇಸನ್ ಅಂತ ಇಂಗ್ಲಿಷಿನಲ್ಲಿ ಸೇರಿಸಿ ಎಂಟರ್ ಒತ್ತಿದರೆ ಬರುವ ಉದ್ದನೆಯ ಬರಹದ ಶುರುವಿನಲ್ಲೇ ಆ ಐಡಿ ಇರುತ್ತದೆ.

ಈ ಟ್ರಿಗರ್ ಬೋರ್ಡ್‌ನಲ್ಲಿ ಆಗುವ ಪ್ರತಿಯೊಂದನ್ನೂ ತರುತ್ತದೆ. ಯಾರೋ ಕಾಮೆಂಟ್ ಹಾಕಿದರು, ಲೇಬಲ್ ಬದಲಿಸಿದರು, ಎಲ್ಲವೂ ಬರುತ್ತದೆ. ಆದ್ದರಿಂದ ಅದರ ಹಿಂದೆಯೇ ಒಂದು ಇಫ್ ನೋಡ್, ಅಂದರೆ ಷರತ್ತು ನೋಡುವ ಹಂತ ಬೇಕು. (ಎನ್8ಎನ್‌ನಲ್ಲಿ ಪ್ರತಿ ಹಂತಕ್ಕೂ ನೋಡ್ ಅನ್ನುತ್ತಾರೆ.) ಬಂದದ್ದು ಕಾರ್ಡ್ ಬದಲಾವಣೆಯ ಸುದ್ದಿಯೇ, ಅದರಲ್ಲಿ ಕಾರ್ಡ್ ಹೋಗಿ ಸೇರಿದ ಲಿಸ್ಟ್ ನಮಗೆ ಬೇಕಾದದ್ದೇ ಅಂತ ನೋಡಲಿ. ಲಿಸ್ಟ್‌ನ ಹೆಸರಿನ ಬದಲು ಐಡಿಯನ್ನೇ ಹೋಲಿಸಿ. ಯಾರಾದರೂ ಲಿಸ್ಟ್ ಹೆಸರಿಗೆ ಒಂದು ಎಮೋಜಿ ಸೇರಿಸಿದರೂ ಸಾಕು, ಹೆಸರಿನ ಹೋಲಿಕೆ ಮುರಿದುಬೀಳುತ್ತದೆ.

ಇದೇ ಇಫ್‌ನಲ್ಲಿ ಇನ್ನೊಂದು ಷರತ್ತು ಇರಲಿ: ಬದಲಾವಣೆ ಮಾಡಿದ್ದು ನಮ್ಮ ಬಾಟ್ ಖಾತೆ ಆಗಿದ್ದರೆ ಬಿಟ್ಟುಬಿಡು. ಬಾಟ್ ಮಾಡುವ ಬದಲಾವಣೆಗೂ ಟ್ರೆಲೊ ಸುದ್ದಿ ಕಳಿಸುತ್ತದೆ. ವರ್ಕ್‌ಫ್ಲೋ ಕಾರ್ಡ್ ಮುಟ್ಟುತ್ತದೆ, ಆ ಮುಟ್ಟುವಿಕೆಯೇ ವರ್ಕ್‌ಫ್ಲೋವನ್ನು ಮತ್ತೆ ಎಬ್ಬಿಸುತ್ತದೆ, ಅದು ಮತ್ತೆ ಮುಟ್ಟುತ್ತದೆ. ಪ್ರತ್ಯೇಕ ಖಾತೆ ಇದ್ದರೆ ಈ ಸುತ್ತನ್ನು ಒಂದೇ ಷರತ್ತಿನಲ್ಲಿ ತಡೆಯಬಹುದು.

ಮುಂದಿನ ನೋಡ್ ಕ್ಲಾಕಿಫೈನದು. ಆ ಪ್ರಾಜೆಕ್ಟ್‌ನ ಟಾಸ್ಕ್‌ಗಳನ್ನೆಲ್ಲ ತರಿಸಿ, ಹೆಸರಿನ ಕೊನೆಯಲ್ಲಿ ಈ ಶಾರ್ಟ್‌ಲಿಂಕ್ ಇದೆಯೇ ನೋಡಿ. ಇದ್ದರೆ, ಕಾರ್ಡ್ ಹೆಸರು ಬದಲಾಗಿದ್ದಲ್ಲಿ ಟಾಸ್ಕ್ ಹೆಸರನ್ನು ತಿದ್ದಿ. ಇಲ್ಲದಿದ್ದರೆ ಹೊಸ ಟಾಸ್ಕ್ ಮಾಡಿ. ತರಿಸುವಾಗ "ಎಲ್ಲವನ್ನೂ ತಾ" ಅನ್ನುವ ಆಯ್ಕೆ ಆನ್ ಇರಲಿ. ಕ್ಲಾಕಿಫೈ ಒಂದು ಪುಟಕ್ಕೆ ಸಾಮಾನ್ಯವಾಗಿ 50 ಮಾತ್ರ ಕೊಡುತ್ತದೆ. ಐವತ್ತು ದಾಟುವವರೆಗೆ ಎಲ್ಲ ಚೆನ್ನಾಗಿ ನಡೆದು, ಆಮೇಲೆ ಇರುವ ಟಾಸ್ಕ್ ಕೂಡ ಇಲ್ಲ ಅನ್ನಲು ಶುರುಮಾಡುತ್ತದೆ.

ಕಾರ್ಡ್ "ಮುಗಿದದ್ದು" ಲಿಸ್ಟ್‌ಗೆ ಹೋದಾಗ ಟಾಸ್ಕ್ ಅನ್ನು ಡನ್ ಅಂತ ಗುರುತಿಸುವ ಕವಲನ್ನೂ ಇದೇ ವರ್ಕ್‌ಫ್ಲೋದಲ್ಲಿ ಸೇರಿಸಿ. ಅಳಿಸುವ ಕೆಲಸವನ್ನು ಮಾತ್ರ ಯಾವತ್ತೂ ಯಂತ್ರಕ್ಕೆ ಕೊಡಬೇಡಿ. ಟ್ರೆಲೊದಲ್ಲಿ ಕಾರ್ಡ್ ಡಿಲೀಟ್ ಆದರೂ ಕ್ಲಾಕಿಫೈನ ಗಂಟೆ ಉಳಿಯಬೇಕು, ಬಿಲ್ ಆಗುವುದು ಅದರಿಂದಲೇ ತಾನೆ.

ಪರೀಕ್ಷೆ ಮಾಡುವಾಗ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಎನ್8ಎನ್‌ನಲ್ಲಿ ವೆಬ್‌ಹುಕ್‌ಗೆ ಪರೀಕ್ಷೆಯ ವಿಳಾಸ ಬೇರೆ, ನಿಜವಾದ ವಿಳಾಸ ಬೇರೆ. ಪರೀಕ್ಷೆಯದು ನೀವು ಬಟನ್ ಒತ್ತಿ ಕಾಯುತ್ತಿರುವಾಗ ಮಾತ್ರ ಕೇಳಿಸಿಕೊಳ್ಳುತ್ತದೆ. ವರ್ಕ್‌ಫ್ಲೋ ಆ್ಯಕ್ಟಿವ್ (ಹೊಸ ಆವೃತ್ತಿಗಳಲ್ಲಿ ಪಬ್ಲಿಷ್) ಮಾಡದೆ ಮನೆಗೆ ಹೋದರೆ ಮರುದಿನ ಒಂದು ಟಾಸ್ಕ್ ಕೂಡ ಬಂದಿರುವುದಿಲ್ಲ.

ಎರಡನೇ ವರ್ಕ್‌ಫ್ಲೋ: ರಾತ್ರಿ ಗಂಟೆ ತರುವುದು

ಟಾಸ್ಕ್ ತಕ್ಷಣ ಬೇಕು, ಅದಿಲ್ಲದೆ ಟೈಮರ್ ಅನ್ನು ಸರಿಯಾದ ಕೆಲಸಕ್ಕೆ ಜೋಡಿಸಲಾಗದು. ಒಟ್ಟು ಗಂಟೆ ತಕ್ಷಣ ಬೇಕೇ? ನಿಜ ಹೇಳಬೇಕೆಂದರೆ ಬೇಡ. ಮರುದಿನ ಬೆಳಿಗ್ಗೆ ಸಿಕ್ಕರೆ ಸಾಕು. ಪ್ರತಿ ಟೈಮರ್ ನಿಂತಾಗಲೂ ಓಡುವ ವರ್ಕ್‌ಫ್ಲೋ ಬದಲು ರಾತ್ರಿ ಒಮ್ಮೆ ಓಡುವುದು ಇಟ್ಟರೆ ಅರ್ಧ ತಲೆನೋವು ಕಡಿಮೆ.

ಇಲ್ಲಿ ಗಟ್ಟಿಯಾಗಿ ಹಿಡಿಯಬೇಕಾದ ನಿಯಮ ಒಂದೇ. ಹಳೆಯ ಮೊತ್ತಕ್ಕೆ ಹೊಸ ಗಂಟೆ ಕೂಡಿಸಬೇಡಿ. ಪ್ರತಿ ಸಲವೂ ಮೊದಲಿನಿಂದ ಎಣಿಸಿ. ಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಗುರುತು ಹಾಕುತ್ತೇವಲ್ಲ, ತಿಂಗಳ ಕೊನೆಗೆ ಗುರುತುಗಳನ್ನು ಎಣಿಸುತ್ತೇವೆಯೇ ಹೊರತು ದಿನಾ ಮೊತ್ತ ತಿದ್ದುತ್ತಾ ಕೂರುವುದಿಲ್ಲ, ಹಾಗೆ. ಜನ ಹಿಂದಿನ ಎಂಟ್ರಿ ತಿದ್ದುತ್ತಾರೆ, ಅಳಿಸುತ್ತಾರೆ, ಒಂದು ಟಾಸ್ಕ್‌ನಿಂದ ಇನ್ನೊಂದಕ್ಕೆ ಹಾಕುತ್ತಾರೆ. ಉತ್ತರ ಸಿಗದಿದ್ದರೆ ಟ್ರೆಲೊ ಅದೇ ವೆಬ್‌ಹುಕ್ ಸುದ್ದಿಯನ್ನು ಮತ್ತೆ ಕಳಿಸುತ್ತದೆ. ಕೂಡಿಸುತ್ತಾ ಹೋಗುವ ಲೆಕ್ಕ ಇಂಥ ಪ್ರತಿ ಸಂದರ್ಭದಲ್ಲೂ ಸ್ವಲ್ಪ ಸ್ವಲ್ಪ ಕೆಡುತ್ತದೆ, ಕೆಟ್ಟದ್ದು ಯಾರಿಗೂ ಕಾಣುವುದಿಲ್ಲ. ಮೊದಲಿನಿಂದ ಎಣಿಸುವ ವರ್ಕ್‌ಫ್ಲೋ ಹತ್ತು ಸಲ ಓಡಿದರೂ ಉತ್ತರ ಅದೇ. ಒಂದು ರಾತ್ರಿ ಓಡದಿದ್ದರೂ ಮರುರಾತ್ರಿ ತಾನಾಗಿಯೇ ಸರಿಹೋಗುತ್ತದೆ.

ಎಣಿಸುವ ಕೆಲಸವನ್ನು ಕ್ಲಾಕಿಫೈ ಸುಲಭ ಮಾಡಿದೆ. ಟಾಸ್ಕ್ ಪಟ್ಟಿ ಕೇಳಿದರೆ ಪ್ರತಿ ಟಾಸ್ಕ್‌ನ ಜೊತೆಗೆ ಅದರ ಒಟ್ಟು ಅವಧಿಯೂ ಬರುತ್ತದೆ. ಹಾಗಾಗಿ ವರ್ಕ್‌ಫ್ಲೋ ಚಿಕ್ಕದು. ರಾತ್ರಿ 2 ಗಂಟೆಗೆ ಶೆಡ್ಯೂಲ್ ಟ್ರಿಗರ್. ಪ್ರಾಜೆಕ್ಟ್‌ನ ಎಲ್ಲ ಟಾಸ್ಕ್ ತರಿಸುವ ಕ್ಲಾಕಿಫೈ ನೋಡ್, ಇದರಲ್ಲಿ ಮುಗಿದವೂ ಬರುತ್ತಿವೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಹೆಸರಿನಿಂದ ಶಾರ್ಟ್‌ಲಿಂಕ್ ಬಿಡಿಸಿ, ಅವಧಿಯನ್ನು ಗಂಟೆಗೆ ತಿರುಗಿಸುವ ಒಂದು ಕೋಡ್ ನೋಡ್. ಕೊನೆಗೆ ಬರೆಯುವ ನೋಡ್.

ಅವಧಿ ಬರುವ ರೂಪ ನೋಡಿ ಗಾಬರಿಯಾಗಬೇಡಿ. ಒಂದೂವರೆ ಗಂಟೆ ಅಂದರೆ ಪಿಟಿ1ಎಚ್30ಎಂ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತದೆ. ಮುಕ್ಕಾಲು ಗಂಟೆಯಾದರೆ ಎಚ್ ಭಾಗವೇ ಇರುವುದಿಲ್ಲ. ಅಕ್ಷರ ಕತ್ತರಿಸಿ ಲೆಕ್ಕ ಮಾಡುವ ಸೂತ್ರ ಅಲ್ಲೇ ಎಡವುತ್ತದೆ. ಎನ್8ಎನ್ ಒಳಗೇ ಲಕ್ಸನ್ ಅನ್ನುವ ಲೈಬ್ರರಿ ಇದೆ. ಅದರ ಡ್ಯುರೇಷನ್ ಸೌಲಭ್ಯಕ್ಕೆ ಈ ಬರಹ ಕೊಟ್ಟು ಗಂಟೆಯಲ್ಲಿ ಹೇಳು ಅಂದರೆ 1.5 ಅಂತ ಕೊಡುತ್ತದೆ. ತಂಡದಲ್ಲಿ ಎಲ್ಲರೂ 1.5 ಅಂತಲೇ ಓದುವ ಅಭ್ಯಾಸ ಮಾಡಿಕೊಳ್ಳಿ. ಒಂದು ಕಡೆ 1.5, ಇನ್ನೊಂದು ಕಡೆ 1:30 ಇದ್ದರೆ ಯಾರಾದರೂ ಒಬ್ಬರು 1.30 ಅಂತ ಬಿಲ್‌ಗೆ ಹಾಕಿಯೇ ಹಾಕುತ್ತಾರೆ.

ಬರೆಯುವುದು ಎಲ್ಲಿಗೆ? ಟ್ರೆಲೊದ ಸ್ಟ್ಯಾಂಡರ್ಡ್ ಅಥವಾ ಮೇಲಿನ ಪ್ಲಾನ್ ಇದ್ದರೆ ಕಸ್ಟಮ್ ಫೀಲ್ಡ್ ಸಿಗುತ್ತದೆ. ಸಂಖ್ಯೆಯ ಮಾದರಿಯಲ್ಲಿ "ಕಳೆದ ಗಂಟೆ" ಅಂತ ಒಂದು ಮಾಡಿ, ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್‌ನಿಂದ ತುಂಬಿ. ಸಂಖ್ಯೆಯಾದರೂ ಟ್ರೆಲೊ ಅದನ್ನು ಉದ್ಧರಣ ಚಿಹ್ನೆಯೊಳಗೆ ಬರಹದಂತೆ ಕೇಳುತ್ತದೆ. ಉಚಿತ ಪ್ಲಾನ್‌ನಲ್ಲಿದ್ದರೆ ಕಾರ್ಡ್‌ಗೆ ಕಾಮೆಂಟ್ ಹಾಕುವ ಆಸೆ ಆಗುತ್ತದೆ. ದಿನಕ್ಕೊಂದು ಕಾಮೆಂಟ್ ಬಿದ್ದು ಎಲ್ಲರ ನೋಟಿಫಿಕೇಷನ್ ತುಂಬಿ, ಒಂದು ವಾರದಲ್ಲಿ ತಂಡವೇ ನಿಲ್ಲಿಸಿ ಅನ್ನುತ್ತದೆ. ಅದರ ಬದಲು ಗೂಗಲ್ ಶೀಟ್ ಇಡಿ. ಶಾರ್ಟ್‌ಲಿಂಕ್ ಒಂದು ಕಾಲಂ, ಹೆಸರು, ಗಂಟೆ. ಎನ್8ಎನ್‌ನಲ್ಲಿ ಸಾಲು ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಅನ್ನುವ ಆಯ್ಕೆ ಇದೆ. ಹೋಲಿಕೆಗೆ ಶಾರ್ಟ್‌ಲಿಂಕ್ ಕಾಲಂ ಕೊಡಿ. ಆ ಶೀಟನ್ನು ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳು ಗೋಜಲಾಗಿ ಕಾಣಬಹುದು. ನೇರ ಎಕ್ಸೆಲ್ ರೂಪದಲ್ಲೇ ಇಳಿಸಿಕೊಳ್ಳಿ.

ಗ್ರಾಹಕರು ನಿಮ್ಮ ಟ್ರೆಲೊ ಬೋರ್ಡ್‌ನಲ್ಲಿ ಅತಿಥಿಗಳಾಗಿದ್ದಾರೆಯೇ? ಹಾಗಿದ್ದರೆ ಕಾರ್ಡ್ ಮೇಲಿನ ಗಂಟೆ ಅವರಿಗೂ ಕಾಣುತ್ತದೆ. ಲೋಗೊ ಬಣ್ಣ ಬದಲಿಸಲು ನಾಲ್ಕು ಗಂಟೆ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಸಿದ್ಧ ಇಲ್ಲದಿದ್ದರೆ ಆಗಲೂ ಶೀಟ್ ದಾರಿಯೇ ಕ್ಷೇಮ.

ಐದೂವರೆ ಗಂಟೆಯ ವ್ಯತ್ಯಾಸ

ಕ್ಲಾಕಿಫೈನ ಎಪಿಐ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಕೊಡುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕಾರ್ಡ್‌ನ ಒಟ್ಟು ಗಂಟೆಗೆ ಇದರಿಂದ ತೊಂದರೆ ಇಲ್ಲ, ತಿಂಗಳ ಬಿಲ್‌ಗೆ ಇದೆ. ಅಮೆರಿಕದ ಗ್ರಾಹಕರ ಜೊತೆ ಕೆಲಸ ಮಾಡುವವರು ಮಧ್ಯರಾತ್ರಿ ದಾಟಿ ಕೂರುವುದು ಮಾಮೂಲು. ಆಗಸ್ಟ್ 1ರ ನಸುಕಿನ 2 ಗಂಟೆಗೆ ಮಾಡಿದ ಕೆಲಸ ಯುಟಿಸಿ ಲೆಕ್ಕದಲ್ಲಿ ಜುಲೈ 31ರ ರಾತ್ರಿ ಎಂಟೂವರೆಯದು. ತಾರೀಖಿನ ಭಾಗವನ್ನಷ್ಟೇ ಕತ್ತರಿಸಿಕೊಂಡು ತಿಂಗಳು ಲೆಕ್ಕ ಹಾಕಿದರೆ ಅದು ಜುಲೈ ಬಿಲ್‌ಗೆ ಸೇರುತ್ತದೆ, ಜುಲೈ 1ರ ನಸುಕಿನದು ಜೂನ್‌ಗೆ ಹೋಗಿರುತ್ತದೆ.

ಜುಲೈ ತಿಂಗಳ ಎಂಟ್ರಿಗಳನ್ನು ಎಪಿಐಯಿಂದ ತರಿಸುವಾಗ ಶುರು ಜೂನ್ 30ರ 18:30, ಕೊನೆ ಜುಲೈ 31ರ 18:30 ಯುಟಿಸಿ ಅಂತ ಕೊಡಿ. ಗ್ರಾಹಕರ ಜೊತೆಗಿನ ಒಪ್ಪಂದದಲ್ಲಿ ಅವರ ದೇಶದ ತಾರೀಖು ಅಂತ ಇದ್ದರೆ ಅದರಂತೆ ಬದಲಿಸಿ. ಬೇಸಿಗೆಗೂ ಚಳಿಗಾಲಕ್ಕೂ ಅಲ್ಲಿನ ಗಡಿಯಾರ ಒಂದು ಗಂಟೆ ಬದಲಾಗುತ್ತದೆ ಅನ್ನುವುದು ನೆನಪಿರಲಿ.

ಬೆಳಗಿನ ಪಟ್ಟಿ

ಎಷ್ಟೇ ಚೆನ್ನಾಗಿ ಜೋಡಿಸಿದರೂ ಟೈಮರ್ ಒತ್ತುವುದು ಮನುಷ್ಯರೇ. ಟಾಸ್ಕ್ ಆರಿಸದೆ ಶುರುಮಾಡುತ್ತಾರೆ. ನಿಲ್ಲಿಸಲು ಮರೆತು ಊಟಕ್ಕೆ ಹೋಗುತ್ತಾರೆ. ಮೂರನೇ ಒಂದು ಸಣ್ಣ ವರ್ಕ್‌ಫ್ಲೋ ಇದಕ್ಕೆ ಇರಲಿ. ಬೆಳಿಗ್ಗೆ ಒಂಬತ್ತಕ್ಕೆ ಹಿಂದಿನ ದಿನದ ಎಂಟ್ರಿಗಳನ್ನು ನೋಡಿ, ಟಾಸ್ಕ್ ಇಲ್ಲದವು, ಹತ್ತು ಗಂಟೆಗಿಂತ ಜಾಸ್ತಿ ಓಡಿದವು, ಇನ್ನೂ ಮುಗಿಯುವ ಸಮಯವೇ ಇಲ್ಲದವು ಯಾವುವು ಅಂತ ಆಯಾ ವ್ಯಕ್ತಿಗೆ ಮಾತ್ರ ಕಳಿಸಲಿ.

ಆಯಾ ವ್ಯಕ್ತಿಗೆ ಮಾತ್ರ. ತಂಡದ ಗುಂಪಿನಲ್ಲಿ ಹೆಸರು ಹಾಕಿ ಎತ್ತಿ ತೋರಿಸಲು ಶುರುಮಾಡಿದರೆ ಜನ ಟೈಮರ್ ಸರಿಯಾಗಿ ಒತ್ತುವುದಿಲ್ಲ, ಚೆನ್ನಾಗಿ ಕಾಣುವ ಗಂಟೆ ಬರೆಯಲು ಕಲಿಯುತ್ತಾರೆ. ಎಂಟ್ರಿಯನ್ನು ಯಂತ್ರವೇ ತಿದ್ದುವುದೂ ಬೇಡ. ಹದಿನಾಲ್ಕು ಗಂಟೆಯಲ್ಲಿ ನಿಜ ಎಷ್ಟು ಅಂತ ಅವರಿಗೆ ಮಾತ್ರ ಗೊತ್ತು.

ಕಳಿಸಲು ಟೆಲಿಗ್ರಾಂ ಬಾಟ್ ಸುಲಭ. ನಮ್ಮಲ್ಲಿ ಎಲ್ಲರೂ ಇರುವುದು ವಾಟ್ಸ್ಯಾಪ್‌ನಲ್ಲೇ, ನಿಜ. ಆದರೆ ಅದಕ್ಕೆ ಬಿಸಿನೆಸ್ ಎಪಿಐ ಬೇಕು, ಐದು ಜನರಿಗೆ ಅಷ್ಟು ರಗಳೆ ಯಾಕೆ. ಇಮೇಲ್ ಆದರೂ ಸಾಕು.

ನಿಂತುಹೋದರೆ ಗೊತ್ತಾಗಬೇಕು

ಎನ್8ಎನ್‌ನಲ್ಲಿ ಎರರ್ ಟ್ರಿಗರ್ ಇಟ್ಟು ಒಂದು ವರ್ಕ್‌ಫ್ಲೋ ಮಾಡಿ. ಉಳಿದ ವರ್ಕ್‌ಫ್ಲೋಗಳ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎರರ್ ವರ್ಕ್‌ಫ್ಲೋ ಅಂತ ತೋರಿಸಿ. ಯಾವುದಾದರೂ ಕೆಟ್ಟರೆ ನಿಮಗೆ ಸುದ್ದಿ ಬರುತ್ತದೆ. ಕೈಯಿಂದ ಓಡಿಸಿ ಪರೀಕ್ಷಿಸುವಾಗ ಇದು ಎಬ್ಬಿಸುವುದಿಲ್ಲ, ತಾನಾಗಿ ಓಡಿ ಕೆಟ್ಟಾಗ ಮಾತ್ರ. ಕೆಲಸ ಮಾಡುತ್ತಿಲ್ಲ ಅಂತ ಗಂಟೆಗಟ್ಟಲೆ ಹುಡುಕಬೇಡಿ.

ಆದರೆ ಸರ್ವರ್‌ ಪೂರ್ತಿ ಸತ್ತರೆ ದೂರು ಹೇಳಲೂ ಯಾರೂ ಇರುವುದಿಲ್ಲ. ಅದಕ್ಕೆ ರಾತ್ರಿಯ ವರ್ಕ್‌ಫ್ಲೋ ಕೊನೆಗೆ "ಇಷ್ಟು ಕಾರ್ಡ್ ತಿದ್ದಿದೆ" ಅಂತ ಒಂದು ಸಾಲು ಕಳಿಸುವಂತೆ ಮಾಡಿ. ಆ ಸಾಲು ಬಾರದ ಬೆಳಿಗ್ಗೆ ಹೋಗಿ ನೋಡಿ.

ಬೇರೆ ಸಾಫ್ಟ್‌ವೇರ್ ಇದ್ದರೆ

ಕೆಲಸದ ಬೋರ್ಡ್‌ಗೆ ಜಿರಾ ಬಳಸುವವರು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಅದರಲ್ಲೇ ಸಮಯ ಬರೆಯುವ ವರ್ಕ್‌ಲಾಗ್ ಇದೆ, ಇನ್ನೊಂದು ಸಾಫ್ಟ್‌ವೇರ್ ನಿಜಕ್ಕೂ ಬೇಕೇ? ಬೇಕೇ ಬೇಕು ಅಂದರೆ ಗಂಟೆಯನ್ನು ವರ್ಕ್‌ಲಾಗ್ ಆಗಿ ಸೆಕೆಂಡುಗಳಲ್ಲಿ ಕಳಿಸಿ. ವರ್ಕ್‌ಲಾಗ್ ಅಂದರೆ ಸೇರುತ್ತಾ ಹೋಗುವ ಸಾಲು, ಒಂದನ್ನೇ ಎರಡು ಸಲ ಕಳಿಸಿದರೆ ಎರಡು ಸಲ ಎಣಿಕೆಯಾಗುತ್ತದೆ. ಯಾವ ಎಂಟ್ರಿಗೆ ಯಾವ ವರ್ಕ್‌ಲಾಗ್ ಐಡಿ ಅಂತ ಶೀಟ್‌ನಲ್ಲಿ ಬರೆದಿಟ್ಟುಕೊಂಡು, ಎರಡನೇ ಸಲ ಹೊಸದು ಮಾಡದೆ ಹಳೆಯದನ್ನೇ ತಿದ್ದಬೇಕು. ಜಿರಾದಲ್ಲಿ ಒಂದು ದಿನ ಅಂದರೆ ಸಾಮಾನ್ಯವಾಗಿ ಎಂಟು ಗಂಟೆ ಅನ್ನುವುದೂ ಗಮನದಲ್ಲಿರಲಿ.

ಸಮಯಕ್ಕೆ ಟಾಗಲ್ ಟ್ರ್ಯಾಕ್ ಇರುವವರಿಗೆ ಅವಧಿ ಸೆಕೆಂಡುಗಳಲ್ಲಿ ಸಿಗುತ್ತದೆ, ಅಷ್ಟರಮಟ್ಟಿಗೆ ಸುಲಭ. ಇನ್ನೂ ಓಡುತ್ತಿರುವ ಟೈಮರ್‌ನ ಅವಧಿ ಮಾತ್ರ ಮೈನಸ್ ಸಂಖ್ಯೆಯಾಗಿ ಬರುತ್ತದೆ. ಕೂಡಿಸುವ ಮೊದಲು ಅಂಥವನ್ನು ಬದಿಗಿಡಿ.

ಶುರುಮಾಡುವ ತಿಂಗಳು

ಒಂದೇ ಬೋರ್ಡ್‌ನಿಂದ ಶುರುಮಾಡಿ. ಜಾಸ್ತಿ ಗಲಾಟೆ ಇಲ್ಲದ, ಆದರೆ ದಿನಾ ಕೆಲಸ ನಡೆಯುವ ಬೋರ್ಡ್ ಇರಲಿ. ಮೊದಲ ತಿಂಗಳು ಹಳೆಯ ಎಕ್ಸೆಲ್ ಲೆಕ್ಕವೂ ಪಕ್ಕದಲ್ಲಿ ನಡೆಯಲಿ. ತಿಂಗಳ ಕೊನೆಗೆ ಎರಡರ ಮೊತ್ತ ಹೋಲಿಸಿ.

ವ್ಯತ್ಯಾಸ ಬಂದೇ ಬರುತ್ತದೆ. ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ. ಮೊದಲು ಟಾಸ್ಕ್ ಇಲ್ಲದ ಎಂಟ್ರಿಗಳ ಮೊತ್ತ ತೆಗೆಯಿರಿ, ಹೆಚ್ಚಿನ ಪಾಲು ಅಲ್ಲೇ ಸಿಗುತ್ತದೆ. ಆಮೇಲೆ ತಿಂಗಳ ಮೊದಲ ಮತ್ತು ಕೊನೆಯ ದಿನದ ನಸುಕಿನ ಎಂಟ್ರಿಗಳು. ಆಮೇಲೆ ನಕಲು ಮಾಡಿ ನೇರವಾಗಿ "ಈಗ ಮಾಡುತ್ತಿರುವುದು" ಲಿಸ್ಟ್‌ನಲ್ಲೇ ಹಾಕಿದ ಕಾರ್ಡ್‌ಗಳು. ಅವು ಲಿಸ್ಟ್‌ನಿಂದ ಲಿಸ್ಟ್‌ಗೆ ಸರಿದಿಲ್ಲವಾದ್ದರಿಂದ ಟಾಸ್ಕ್ ಹುಟ್ಟಿರುವುದಿಲ್ಲ. ರಾತ್ರಿಯ ವರ್ಕ್‌ಫ್ಲೋದಲ್ಲಿ ಆ ಲಿಸ್ಟ್‌ನ ಎಲ್ಲ ಕಾರ್ಡ್ ತರಿಸಿ, ಟಾಸ್ಕ್ ಇಲ್ಲದವಕ್ಕೆ ಟಾಸ್ಕ್ ಮಾಡುವ ಒಂದು ಹಂತ ಸೇರಿಸಿದರೆ ಅದೂ ಮುಚ್ಚಿಹೋಗುತ್ತದೆ. ಇಷ್ಟಾದ ಮೇಲೂ ಲೆಕ್ಕ ಕೂಡದಿದ್ದರೆ ಎಕ್ಸೆಲ್‌ನ ಸೂತ್ರ ತೆರೆದು ನೋಡಿ. ಎಷ್ಟೋ ಸಲ ತಪ್ಪಿರುವುದು ಅದೇ.